ಸಾವಿರ ದನಿಗಳ ನಟ ಪೀಟರ್ ಸೆಲ್ಲರ್ಸ್

ಆಂಗ್ಲ ಹಾಸ್ಯಚಿತ್ರಗಳನ್ನು ನೋಡುವ ಅಭ್ಯಾಸವಿರುವ ನಮ್ಮ ಓದುಗರಲ್ಲಿ ಇನ್ಸ್‌ಪೆಕ್ಟರ್ ಕ್ಲೂಸೋನನ್ನು ಅರಿಯದವರು ವಿರಳ. ಉದ್ದನೆಯ ಮಳೆಯಂಗಿ ತೊಟ್ಟು, ಮೀಸೆ ತೀಡಿ, ತಾನು ಫ್ರಾನ್ಸಿನ ಸರ್ವಶ್ರೇಷ್ಠ ಪತ್ತೇದಾರನೆಂಬ ಅಚಲ ವಿಶ್ವಾಸದಿಂದ ಎಡವುತ್ತಾ ಬೀಳುತ್ತಾ ಸಾಗುವ ಆ ಪಾತ್ರಕ್ಕೆ ಜೀವ ತುಂಬಿದವರು ಬ್ರಿಟನ್ನಿನ ಹಾಸ್ಯನಟ ಪೀಟರ್ ಸೆಲ್ಲರ್ಸ್. 1980ರ ಜುಲೈ 24ರಂದು ತಮ್ಮ 54ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಚಿತ್ರಗಳನ್ನು ಜನ ಇಂದಿಗೂ ಹುಡುಕಿ ನೋಡುತ್ತಾರೆ.

ಅವರ ಬದುಕನ್ನು ಇಲ್ಲಿ ನಿರೂಪಿಸಲು ನಮಗೆ ಎರಡು ಕಾರಣಗಳಿವೆ. ಬರೆದುಕೊಟ್ಟ ಮಾತನ್ನು ಬದಿಗಿಟ್ಟು ಕ್ಯಾಮೆರಾದ ಎದುರಿನಲ್ಲೇ ಹೊಸ ಮಾತನ್ನೂ ಹೊಸ ಚಲನೆಯನ್ನೂ ಹುಟ್ಟಿಸುವ ಆಶುನಟನೆಯಲ್ಲಿ ಅವರಿಗೆ ಸಮನಾದವರು ಕಡಿಮೆ. ಇದು ಮೊದಲನೆಯದು. ಎರಡನೆಯದು ನಮಗೆ ಇನ್ನಷ್ಟು ಹತ್ತಿರದ್ದು. ಭಾರತೀಯರು ಇಂಗ್ಲಿಷ್ ಮಾತನಾಡುವ ಧಾಟಿಯನ್ನು ಅನುಕರಿಸಿ ಜಗತ್ತನ್ನು ನಗಿಸಿದವರಲ್ಲಿ ಅವರೇ ಅತ್ಯಂತ ಪ್ರಸಿದ್ಧರು. ಆ ನಗೆಯಲ್ಲಿ ನಾವು ಪಾಲುದಾರರೋ ಅಥವಾ ನಗೆಪಾಟಲಾದವರೋ ಎಂಬ ಪ್ರಶ್ನೆ, ಊರು ಬಿಟ್ಟು ಪರಭಾಷೆಯ ನಗರಗಳಲ್ಲಿ ನೆಲೆಸಿ, ನಮ್ಮ ಉಚ್ಚಾರಣೆಯನ್ನು ಇತರರು ಗುರುತಿಸಿ ನಕ್ಕದ್ದನ್ನು ಕಂಡಿರುವ ನಮ್ಮಂಥವರಿಗೆ ಅಪರಿಚಿತವೇನಲ್ಲ.

ಸೆಲ್ಲರ್ಸ್ ಹುಟ್ಟಿದ್ದು 1925ರ ಸೆಪ್ಟೆಂಬರ್ 8ರಂದು, ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ನಗರದ ಸೌತ್‌ಸೀ ಭಾಗದಲ್ಲಿ. ಇಟ್ಟ ಹೆಸರು ರಿಚರ್ಡ್ ಹೆನ್ರಿ. ಅವರಿಗಿಂತ ಮೊದಲು ಹುಟ್ಟುವಾಗಲೇ ಅಸುನೀಗಿದ ಅಣ್ಣನ ಹೆಸರು ಪೀಟರ್. ತಾಯಿತಂದೆಯರು ಆ ಹೆಸರಿನಿಂದಲೇ ಈ ಮಗುವನ್ನೂ ಕರೆದರು. ಸತ್ತವನ ಹೆಸರನ್ನು ಹೊತ್ತು ಬೆಳೆದ ಈ ಮಗು ಮುಂದೆ ಆಯುಷ್ಯವಿಡೀ ಇತರರ ದನಿಗಳನ್ನು ಹೊತ್ತು ಬದುಕಿತು ಎಂದು ಅವರ ಜೀವನಚರಿತ್ರೆಕಾರರು ಅರ್ಥ ಹಚ್ಚುವುದುಂಟು. ಅದನ್ನು ತೀರಾ ಎಳೆಯಬೇಕಾಗಿಲ್ಲವೆಂದು ನಮ್ಮ ಅನಿಸಿಕೆ. ರಂಗಭೂಮಿಯ ಮನೆಯಲ್ಲಿ ಹುಟ್ಟಿದ್ದೇ ಸಾಕಾದಷ್ಟು ಕಾರಣ. ತಂದೆ ಬಿಲ್ ಮತ್ತು ತಾಯಿ ಪೆಗ್ ಇಬ್ಬರೂ ಊರೂರು ಅಲೆದು ಹಾಡು, ನೃತ್ಯ, ವಿನೋದಗಳ ಮಿಶ್ರ ಪ್ರದರ್ಶನ ನೀಡುತ್ತಿದ್ದವರು. ಎರಡು ವಾರದ ಕೂಸಾಗಿದ್ದಾಗಲೇ ಮಗುವನ್ನು ಅಲ್ಲಿನ ಕಿಂಗ್ಸ್ ಥಿಯೇಟರಿನ ವೇದಿಕೆಗೆ ಎತ್ತಿಕೊಂಡು ಹೋಗಿ ಸಭಿಕರಿಗೆ ತೋರಿಸಲಾಯಿತಂತೆ. ಸಭಿಕರು ಹಾಡಿ ಹರಸಿದರು, ಮಗು ಅತ್ತಿತು.

ತಂದೆ ಪ್ರೊಟೆಸ್ಟೆಂಟ್, ತಾಯಿ ಯಹೂದಿ, ಓದಿದ್ದು ಲಂಡನ್ನಿನ ಹೈಗೇಟ್‌ನ ಕ್ಯಾಥೊಲಿಕ್ ಶಾಲೆಯಲ್ಲಿ. ತಾನು ಯಾವ ಗುಂಪಿಗೆ ಸೇರಿದವನೆಂಬ ಸಂದೇಹ ಅಲ್ಲಿಂದಲೇ ಮೊಳೆತಿರಬೇಕು. ತಾಯಿಗೆ ಮಗನೇ ಸರ್ವಸ್ವ. ಎರಡನೆಯ ಮಹಾಯುದ್ಧ ಆರಂಭವಾದಾಗ ಶಾಲೆಯು ಲಂಡನ್ನಿನಿಂದ ಸ್ಥಳಾಂತರಗೊಂಡಿತು. ಮಗನನ್ನು ಅಗಲಲು ಒಪ್ಪದ ತಾಯಿ ಅವನ ಓದನ್ನೇ ನಿಲ್ಲಿಸಿ ಡೆವನ್ ಪ್ರಾಂತದ ಇಲ್‌ಫ್ರಾಕೂಂಬ್‌ಗೆ ಕರೆದುಕೊಂಡು ಹೋದಳು. ಅಲ್ಲಿ ಬಂಧುಗಳ ಮೇಲ್ವಿಚಾರಣೆಯಲ್ಲಿದ್ದ ನಾಟಕಶಾಲೆಯಲ್ಲಿ ನೆಲ ಗುಡಿಸುವುದರಿಂದ ಹಿಡಿದು ದೀಪ ಬೆಳಗಿಸುವವರೆಗಿನ ಕೆಲಸಗಳನ್ನು ಹುಡುಗ ಕಲಿತ. ಡ್ರಮ್ ಬಾರಿಸುವುದನ್ನೂ ಅಭ್ಯಾಸ ಮಾಡಿದ. ಹಾಸ್ಯಕ್ಕೆ ಬೇಕಾದ ಕಾಲಪ್ರಜ್ಞೆ, ಅಂದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಹೊಡೆಯಬೇಕು ಎಂಬ ಲಯಜ್ಞಾನ, ಅವರಿಗೆ ಆ ಡ್ರಮ್ಮಿನಿಂದಲೇ ಬಂದಿತೆಂದು ನಾವು ಊಹಿಸಿದರೆ ತಪ್ಪಾಗಲಾರದು.

1943ರಲ್ಲಿ ಅವರು ಬ್ರಿಟಿಷ್ ವಾಯುಪಡೆ ಸೇರಿದರು. ವಿಮಾನ ಹಾರಿಸುವ ಆಸೆ ಇತ್ತು, ಕಣ್ಣಿನ ದೋಷ ಅಡ್ಡಬಂದಿತು. ನೆಲದ ಕೆಲಸ ಬೇಸರ ತಂದಾಗ, ರಾಲ್ಫ್ ರೀಡರ್ ನಡೆಸುತ್ತಿದ್ದ ಗ್ಯಾಂಗ್ ಷೋ ಎಂಬ ಸೈನಿಕರ ಮನರಂಜನಾ ತಂಡಕ್ಕೆ ಸೇರಿಕೊಂಡರು. ಆ ತಂಡದೊಂದಿಗೆ ಅವರು ಭಾರತ, ಸಿಲೋನ್ ಮತ್ತು ಬರ್ಮಾಗಳಲ್ಲಿ ಸಂಚರಿಸಿದರು. ಹದಿಹರೆಯ ದಾಟುತ್ತಿದ್ದ ಯುವಕನಿಗೆ ಇದೊಂದು ವಿಚಿತ್ರ ವಿಶ್ವವಿದ್ಯಾಲಯ. ಬ್ರಿಟಿಷ್ ಸಾಮ್ರಾಜ್ಯದ ಕೊನೆಯ ದಿನಗಳಲ್ಲಿ ಮೆಸ್ಸುಗಳಲ್ಲಿ ಕುಳಿತು ಗತ್ತಿನಿಂದ ಮಾತನಾಡುತ್ತಿದ್ದ ಅಧಿಕಾರಿಗಳನ್ನೂ, ಅವರ ಸುತ್ತ ಓಡಾಡುತ್ತಿದ್ದ ನಮ್ಮವರನ್ನೂ ಅವರು ಕಿವಿಗೊಟ್ಟು ಕೇಳಿದರು. ಮೇಲಧಿಕಾರಿಯ ಸಮವಸ್ತ್ರ ಧರಿಸಿ, ಹುಸಿ ಮೀಸೆ ಅಂಟಿಸಿಕೊಂಡು ಅಧಿಕಾರಿಗಳ ಮೆಸ್ಸಿಗೇ ನುಗ್ಗಿ ಮಾತಾಡಿಸಿ ಬರುತ್ತಿದ್ದರೆಂದೂ, ಕೆಲವೊಮ್ಮೆ ರುಮಾಲು ಸುತ್ತಿ ಸಿಖ್ ಅಧಿಕಾರಿಯೂ ಆಗಿದ್ದರೆಂದೂ ಜೀವನಚರಿತ್ರೆಕಾರರು ಬರೆದಿದ್ದಾರೆ. ಸಿಕ್ಕಿಬಿದ್ದಿದ್ದರೆ ಶಿಕ್ಷೆ ಖಚಿತ. ಅವರ ಆಶುನಟನೆಯ ಮೊದಲ ರಂಗಮಂಚ ಇದೇ. ಬರೆದ ನಾಟಕವಿಲ್ಲ, ಎದುರಿನವರು ಏನು ಕೇಳುವರೆಂದು ತಿಳಿಯದು, ಆದರೂ ಪಾತ್ರ ಬಿಟ್ಟು ಹೊರಬರುವಂತಿಲ್ಲ.

ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಕೆಲಸ ಸುಲಭವಾಗಿ ಸಿಗಲಿಲ್ಲ. 1948ರಲ್ಲಿ ವಿಂಡ್‌ಮಿಲ್ ಥಿಯೇಟರಿನಲ್ಲಿ ಆರು ವಾರ ಹಾಸ್ಯಗಾರನಾಗಿ ನಿಂತರು. ಅಲ್ಲಿಗೆ ಬರುತ್ತಿದ್ದ ಗಂಡಸರು ವಿವಸ್ತ್ರ ನರ್ತಕಿಯರನ್ನು ನೋಡಲು ಬಂದವರೇ ಹೊರತು ಹಾಸ್ಯ ಕೇಳಲು ಬಂದವರಲ್ಲ. ಅದೇ ವರ್ಷ ಬಿಬಿಸಿ ಬಾನುಲಿಯ ನಿರ್ಮಾಪಕ ರಾಯ್ ಸ್ಪಿಯರ್ ಅವರಿಗೆ ಒಂದು ದೂರವಾಣಿ ಕರೆ ಬಂದಿತು. ಮಾತನಾಡಿದವರು ಆ ಕಾಲದ ಸುಪ್ರಸಿದ್ಧ ಬಾನುಲಿ ಕಲಾವಿದ ಕೆನೆತ್ ಹಾರ್ನ್. ಅವರ ಜೊತೆಗಾರ ರಿಚರ್ಡ್ ಮರ್ಡಕ್ ಕೂಡ ಪಕ್ಕದಲ್ಲಿದ್ದರು. ಪೀಟರ್ ಸೆಲ್ಲರ್ಸ್ ಎಂಬ ಯುವಕನೊಬ್ಬನಿದ್ದಾನೆ, ಅವನಿಗೆ ಅವಕಾಶ ಕೊಡಿ ಎಂದು ಇಬ್ಬರೂ ಶಿಫಾರಸು ಮಾಡಿದರು. ಕೊನೆಗೆ ಎರಡೂ ದನಿ ತನ್ನವೇ ಎಂದು ಸೆಲ್ಲರ್ಸ್ ಒಪ್ಪಿಕೊಂಡಾಗ, ಸ್ಪಿಯರ್ ಕೋಪಗೊಳ್ಳದೆ ಪರೀಕ್ಷೆಗೆ ಕರೆದರು. ಹೀಗೆ ಬಾನುಲಿಯ ಬಾಗಿಲು ತೆರೆಯಿತು.

ಬಾನುಲಿ ಅವರಿಗೆ ಹೇಳಿಮಾಡಿಸಿದ ಮಾಧ್ಯಮ. 1951ರ ಮೇ 28ರಂದು ಬಿಬಿಸಿ ಪ್ರಸಾರ ಮಾಡಿದ ‘ಕ್ರೇಜಿ ಪೀಪಲ್’ ಎಂಬ ಕಾರ್ಯಕ್ರಮ ಬೇಗನೆ ‘ದಿ ಗೂನ್ ಷೋ’ ಎಂದು ಹೆಸರು ಬದಲಿಸಿಕೊಂಡು 1960ರ ಜನವರಿಯವರೆಗೆ ಇನ್ನೂರಕ್ಕೂ ಹೆಚ್ಚು ಕಂತುಗಳಲ್ಲಿ ಸಾಗಿತು. ಇದರ ಮುಖ್ಯ ಲೇಖಕ ಸ್ಪೈಕ್ ಮಿಲ್ಲಿಗನ್ ಹುಟ್ಟಿದ್ದು 1918ರಲ್ಲಿ ನಮ್ಮ ಅಹಮದ್‌ನಗರದಲ್ಲಿ, ಬ್ರಿಟಿಷ್ ಇಂಡಿಯಾ ಸೈನ್ಯದಲ್ಲಿದ್ದ ಐರಿಷ್ ತಂದೆಯ ಮಗನಾಗಿ. ಅವರ ಬಾಲ್ಯ ಕಳೆದದ್ದು ಪುಣೆಯಲ್ಲಿ, ಆ ಬಳಿಕ ರಂಗೂನಿನಲ್ಲಿ. ಪುಣೆಯ ದಂಡುಪ್ರದೇಶದ ಬೀದಿಗಳನ್ನು ಬಲ್ಲ ನಮ್ಮ ಓದುಗರಿಗೆ ಈ ಸಂಗತಿ ಕುತೂಹಲ ತರಬಹುದು. ಹ್ಯಾರಿ ಸೀಕೂಂಬ್ ಮೂರನೆಯವರು. ಮೊದಲಲ್ಲಿದ್ದ ಮೈಕೆಲ್ ಬೆಂಟೀನ್ ಕೆಲಕಾಲದ ನಂತರ ಹೊರನಡೆದರು. ಅರ್ಥವಿಲ್ಲದ ಕಥೆ, ಊಹೆಗೆ ನಿಲುಕದ ಸದ್ದುಗಳು, ತರ್ಕವನ್ನು ತಲೆಕೆಳಗು ಮಾಡುವ ಸಂಭಾಷಣೆ ಇವುಗಳಿಂದ ಕೂಡಿದ ಈ ಕಾರ್ಯಕ್ರಮದಲ್ಲಿ ಸೆಲ್ಲರ್ಸ್ ಒಬ್ಬರೇ ಹುಡುಗ, ಮುದುಕ, ವಂಚಕ, ಹೇಡಿ ಮೇಜರ್ ಎಲ್ಲವೂ ಆಗುತ್ತಿದ್ದರು. ಒಂದೇ ದೃಶ್ಯದಲ್ಲಿ ತಮ್ಮೊಂದಿಗೆ ತಾವೇ ವಾದಿಸುತ್ತಿದ್ದರು. ಲಾಲ್‌ಕಾಕಾ ಮತ್ತು ಬ್ಯಾನರ್ಜಿ ಎಂಬ ಇಬ್ಬರು ಭಾರತೀಯರು ಆಗಾಗ ಇಣುಕುತ್ತಿದ್ದರು. ಅವರಿಬ್ಬರಿಗೂ ದನಿ ನೀಡಿದವರು ಮಿಲ್ಲಿಗನ್ ಮತ್ತು ಸೆಲ್ಲರ್ಸ್.

ಆ ದಶಕದ ಬ್ರಿಟಿಷ್ ಬಾಲಕರು ಗೂನ್ ಷೋ ಕೇಳಿ ಬೆಳೆದರು. ಬೀಟಲ್ಸ್ ತಂಡದವರು ಅದರ ಅಭಿಮಾನಿಗಳು, ಮಾಂಟಿ ಪೈಥಾನ್ ತಂಡದವರು ಅದರ ಋಣಿಗಳು. ಸೆಲ್ಲರ್ಸ್, ಮಿಲ್ಲಿಗನ್ ಮತ್ತು ರಿಚರ್ಡ್ ಲೆಸ್ಟರ್ ಸೇರಿ ಕೇವಲ 70 ಪೌಂಡುಗಳಷ್ಟು ಖರ್ಚಿನಲ್ಲಿ, ಒಂದು ಬಯಲಿನಲ್ಲಿ, ಎರಡು ಭಾನುವಾರಗಳಲ್ಲಿ ತೆಗೆದ 11 ನಿಮಿಷಗಳ ಮೋಜಿನ ಕಿರುಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು. ಅದನ್ನು ಮೆಚ್ಚಿಯೇ ಬೀಟಲ್ಸ್ ತಮ್ಮ ಮೊದಲ ಚಿತ್ರಕ್ಕೆ ಲೆಸ್ಟರ್ ಅವರನ್ನು ಆರಿಸಿಕೊಂಡರು.

ಬೆಳ್ಳಿತೆರೆಯಲ್ಲಿ ಸೆಲ್ಲರ್ಸ್ ಅವರನ್ನು ಗುರುತಿಸುವಂತೆ ಮಾಡಿದ ಚಿತ್ರ 1955ರ ‘ದಿ ಲೇಡಿಕಿಲ್ಲರ್ಸ್’. ಅದರಲ್ಲಿ ನಾಯಕನಾಗಿದ್ದ ಅಲೆಕ್ ಗಿನ್ನೆಸ್ ಅವರಿಗೆ ಆದರ್ಶಪುರುಷ. ಪಾತ್ರಕ್ಕೊಂದು ಮೈ, ಪಾತ್ರಕ್ಕೊಂದು ದನಿ ತಳೆಯುವ ಗಿನ್ನೆಸ್‌ರನ್ನು ಅವರು ಬಿಡಿಬಿಡಿಯಾಗಿ ಗಮನಿಸಿದರು. 1959ರ ‘ದಿ ಮೌಸ್ ದಟ್ ರೋರ್ಡ್’ ಚಿತ್ರದಲ್ಲಿ ಮೂರು ಪಾತ್ರ ವಹಿಸಿದರು. ಅದೇ ವರ್ಷದ ‘ಐಯಾಮ್ ಆಲ್ ರೈಟ್ ಜಾಕ್’ನಲ್ಲಿ ಕಾರ್ಖಾನೆಯ ಕಾರ್ಮಿಕ ಸಂಘದ ಮುಖಂಡ ಫ್ರೆಡ್ ಕೈಟ್‌ನ ಪಾತ್ರ. ಆ ಪಾತ್ರದಲ್ಲಿ ನಗಿಸುವ ಮಾತೇ ಇಲ್ಲವೆಂದು ಮೊದಲು ನಿರಾಕರಿಸಿದ್ದರಂತೆ. ವೇಷ ಧರಿಸಿ ಪರೀಕ್ಷಾರ್ಥ ಚಿತ್ರೀಕರಣಕ್ಕೆ ನಿಂತಾಗ ತಂತ್ರಜ್ಞರು ನಕ್ಕರು. ಏಕೆಂದರೆ ಅವರು ನಗಿಸಲು ಯತ್ನಿಸಲೇ ಇಲ್ಲ. ಪುಸ್ತಕದ ದೊಡ್ಡ ಪದಗಳನ್ನು ಎಡವಟ್ಟಾಗಿ ಬಳಸುತ್ತಾ ಸೋವಿಯತ್ ರಷ್ಯಾದ ಗೋಧಿ ಹೊಲಗಳನ್ನು ಕನಸುವ ಆ ಬಡಪಾಯಿಯನ್ನು ಅವರು ಗಂಭೀರವಾಗಿಯೇ ನಂಬಿದರು. ಬ್ರಿಟಿಷ್ ಚಲನಚಿತ್ರ ಅಕಾಡೆಮಿಯ ಶ್ರೇಷ್ಠ ನಟ ಪ್ರಶಸ್ತಿ ಈ ಪಾತ್ರಕ್ಕೆ ಲಭಿಸಿತು. ಅವರ ಎಲ್ಲ ಪಾತ್ರಗಳಲ್ಲಿ ನಮಗೆ ಹೆಚ್ಚು ಮೆಚ್ಚಿಗೆಯಾದದ್ದೂ ಇದೇ.

ಪಾತ್ರ ಕಟ್ಟುವ ಅವರ ಕ್ರಮ ದನಿಯಿಂದ ಆರಂಭವಾಗುತ್ತಿತ್ತು. ಮೊದಲು ದನಿ, ಅದರಿಂದ ನಡಿಗೆ, ಆಮೇಲೆ ಮುಖ. ದನಿ ದೊರೆತ ಬಳಿಕ ಆ ವ್ಯಕ್ತಿ ಯಾವ ಪ್ರಶ್ನೆಗೆ ಏನು ಉತ್ತರಿಸುವನೆಂಬುದು ತಾನಾಗಿ ಹೊಮ್ಮುತ್ತಿತ್ತು. ತಾಳಮದ್ದಳೆಯ ಅರ್ಥಧಾರಿಗಳನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಸಂಗದ ಪದ್ಯ ನಿಶ್ಚಿತ, ಅದರ ಮೇಲೆ ಕಟ್ಟುವ ಮಾತು ಆ ರಾತ್ರಿಯದು. ಆದರೆ ಚಲನಚಿತ್ರದ ಲೋಕದಲ್ಲಿ ಈ ಕಲೆಗೆ ಒಂದು ದೊಡ್ಡ ತೊಡಕಿದೆ. ಒಂದೇ ದೃಶ್ಯವನ್ನು ಬೇರೆಬೇರೆ ಕೋನಗಳಿಂದ ಹತ್ತಾರು ಬಾರಿ ತೆಗೆಯಬೇಕು. ಪ್ರತಿ ಬಾರಿಯೂ ಅದೇ ಮಾತು, ಅದೇ ಕೈಸನ್ನೆ ಇರಬೇಕು. ಸೆಲ್ಲರ್ಸ್ ಮೊದಲ ಬಾರಿ ಮಾಡಿದ್ದು ಅದ್ಭುತವಾಗಿರುತ್ತಿತ್ತು, ಬಳಿಕ ಅದು ಇಳಿಯುತ್ತಾ ಹೋಗುತ್ತಿತ್ತು.

ಈ ತೊಡಕಿಗೆ ಪರಿಹಾರ ಕಂಡವರು ನಿರ್ದೇಶಕ ಸ್ಟಾನ್ಲಿ ಕ್ಯೂಬ್ರಿಕ್. 1962ರ ‘ಲೋಲಿಟಾ’ದಲ್ಲಿ ಕ್ವಿಲ್ಟಿಯ ಪಾತ್ರವನ್ನು ಕಾದಂಬರಿಯಲ್ಲಿ ಇದ್ದುದಕ್ಕಿಂತ ಹಿಗ್ಗಿಸಿ, ಸೆಲ್ಲರ್ಸ್ ಅವರಿಗೆ ಮಾತು ಬೆಳೆಸಲು ಬಿಟ್ಟರು. ಒಂದರ ಬದಲು ಹಲವು ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸಿದರು. ಹೀಗಾಗಿ ಮೊದಲ ಸ್ಫೂರ್ತಿಯ ಕ್ಷಣ ಎಲ್ಲ ಕೋನಗಳಿಂದಲೂ ದಾಖಲಾಗುತ್ತಿತ್ತು. ಇದೇ ಕ್ರಮ 1964ರಲ್ಲಿ ಬಿಡುಗಡೆಯಾದ ‘ಡಾಕ್ಟರ್ ಸ್ಟ್ರೇಂಜ್‌ಲವ್’ನಲ್ಲಿ ಪೂರ್ಣ ಫಲ ನೀಡಿತು.

ಅಣುಯುದ್ಧ ಆಕಸ್ಮಿಕವಾಗಿ ಆರಂಭವಾಗುವ ಕಥೆಯನ್ನು ಕರಾಳ ಹಾಸ್ಯವಾಗಿ ಹೇಳುವ ಈ ಚಿತ್ರದಲ್ಲಿ ಸೆಲ್ಲರ್ಸ್ ಅವರದ್ದು ಮೂರು ಪಾತ್ರ. ಬ್ರಿಟಿಷ್ ವಾಯುಪಡೆಯ ಅಧಿಕಾರಿ ಮ್ಯಾಂಡ್ರೇಕ್‌ನ ದನಿ ಅವರು ಯುದ್ಧಕಾಲದ ಮೆಸ್ಸುಗಳಿಂದ ಹೊತ್ತು ತಂದದ್ದೇ. ಅಮೆರಿಕದ ಅಧ್ಯಕ್ಷ ಮಫ್ಲಿಯನ್ನು ಮೊದಲು ನೆಗಡಿಯಿಂದ ನರಳುವ, ಮೂಗಿಗೆ ಔಷಧದ ನಳಿಗೆ ಹಿಡಿಯುವ ವ್ಯಕ್ತಿಯಾಗಿ ನಟಿಸಿದರು. ಸುತ್ತಲಿನವರು ನಗು ತಡೆಯಲಾರದೆ ಹೋದರು. ಕ್ಯೂಬ್ರಿಕ್ ಅದನ್ನು ಕೈಬಿಟ್ಟು, ಸುತ್ತಲಿನ ಹುಚ್ಚರ ನಡುವೆ ಇವನೊಬ್ಬ ಸಭ್ಯನಾಗಿರಬೇಕೆಂದು ಸೂಚಿಸಿದರು. ಸೋವಿಯತ್ ನಾಯಕನಿಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟಿಸುವ ದೃಶ್ಯದಲ್ಲಿ ಆ ಕಡೆಯ ದನಿ ನಮಗೆ ಕೇಳಿಸುವುದಿಲ್ಲ. ಮುನಿದ ನೆಂಟನನ್ನು ಸಮಾಧಾನಪಡಿಸುವವನಂತೆ ಮಾತಾಡುವ ಅಧ್ಯಕ್ಷನ ಮುಖವಷ್ಟೇ ನಮ್ಮ ಪಾಲಿಗೆ. ಜಗತ್ತು ನಾಶವಾಗಲಿರುವ ಹೊತ್ತಿನ ಆ ಸೌಜನ್ಯಕ್ಕೆ ನಗಬೇಕೋ ನಡುಗಬೇಕೋ ತಿಳಿಯುವುದಿಲ್ಲ.

ಮೂರನೆಯದು ಗಾಲಿಕುರ್ಚಿಯ ಜರ್ಮನ್ ವಿಜ್ಞಾನಿ ಸ್ಟ್ರೇಂಜ್‌ಲವ್. ಚಿತ್ರೀಕರಣದ ಸ್ಥಳಕ್ಕೆ ಬರುತ್ತಿದ್ದ ಛಾಯಾಗ್ರಾಹಕ ವೀಜಿಯ ಕೀರಲು ದನಿಯನ್ನು ಇದಕ್ಕೆ ಬಳಸಿಕೊಂಡರು. ಕ್ಯೂಬ್ರಿಕ್ ದೀಪಗಳನ್ನು ಹಿಡಿಯಲು ಬಳಸುತ್ತಿದ್ದ ಕಪ್ಪು ಕೈಚೀಲವನ್ನು ಪಡೆದು ಒಂದು ಕೈಗೆ ತೊಟ್ಟರು. ತೊಟ್ಟೊಡನೆ ಆ ಕೈ ಒಡೆಯನ ಮಾತು ಕೇಳದ ಸ್ವತಂತ್ರ ಜೀವಿಯಾಯಿತು. ತಾನಾಗಿ ನಾಜಿ ವಂದನೆಗೆ ಮೇಲೇಳುವ, ಒಡೆಯನ ಕುತ್ತಿಗೆಯನ್ನೇ ಹಿಸುಕುವ ಆ ಕೈಯ ಆಟ ಹೀಗೆ ಸ್ಥಳದಲ್ಲೇ ಹುಟ್ಟಿದ್ದು. ಚಿತ್ರವನ್ನು ಗಮನವಿಟ್ಟು ನೋಡಿದರೆ, ಹಿಂದೆ ನಿಂತ ಸೋವಿಯತ್ ರಾಯಭಾರಿಯ ಪಾತ್ರಧಾರಿ ಪೀಟರ್ ಬುಲ್ ನಗು ನುಂಗಲು ಹೆಣಗುತ್ತಿರುವುದು ಕಾಣುತ್ತದೆ. ನಾಲ್ಕನೆಯ ಪಾತ್ರವೊಂದನ್ನೂ ಸೆಲ್ಲರ್ಸ್ ಮಾಡಬೇಕಿತ್ತು. ಕಾಲು ಉಳುಕಿದ್ದರಿಂದ ಅದು ಸ್ಲಿಮ್ ಪಿಕನ್ಸ್ ಅವರ ಪಾಲಾಯಿತು. ಬಾಂಬಿನ ಮೇಲೆ ಕುದುರೆ ಸವಾರನಂತೆ ಕುಳಿತು ಇಳಿಯುವವನು ಅವನೇ. ಶ್ರೇಷ್ಠ ನಟನ ಆಸ್ಕರ್ ನಾಮನಿರ್ದೇಶನ ದೊರೆಯಿತು, ಪ್ರಶಸ್ತಿ ದಕ್ಕಲಿಲ್ಲ.

ಕ್ಲೂಸೋ ಕೂಡ ಇದೇ ಕಾಲದ ಕೂಸು. ಬ್ಲೇಕ್ ಎಡ್ವರ್ಡ್ಸ್ ನಿರ್ದೇಶನದ ‘ದಿ ಪಿಂಕ್ ಪ್ಯಾಂಥರ್’ನಲ್ಲಿ ಆ ಪಾತ್ರ ಪೀಟರ್ ಉಸ್ತಿನೋವ್ ಅವರದ್ದಾಗಬೇಕಿತ್ತು. ಅವರು ಹಿಂದೆ ಸರಿದಾಗ ಸೆಲ್ಲರ್ಸ್ ಅವರಿಗೆ ಕರೆ ಬಂದಿತು. ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊದಲು ಈಜಿದ ಕ್ಯಾಪ್ಟನ್ ವೆಬ್‌ನ ಚಿತ್ರವಿದ್ದ ಬೆಂಕಿಪೆಟ್ಟಿಗೆಯನ್ನು ನೋಡಿ ಮೀಸೆಯ ರೂಪವನ್ನು ಆರಿಸಿದರೆಂದು ಹೇಳುತ್ತಾರೆ. ಮೂರ್ಖನಿಗೂ ಘನತೆ ಇರಬೇಕು, ಆಗಲೇ ಅವನು ಬಿದ್ದಾಗ ನಗು ಬರುವುದು ಎಂಬುದು ಅವರು ಕಂಡುಕೊಂಡ ಮರ್ಮ.

ಇನ್ನು ನಮಗೆ ಸಂಬಂಧಿಸಿದ ಮಾತು. 1960ರಲ್ಲಿ ಬರ್ನಾರ್ಡ್ ಷಾ ಅವರ ನಾಟಕವನ್ನಾಧರಿಸಿದ ‘ದಿ ಮಿಲಿಯನೇರೆಸ್’ ತಯಾರಾಯಿತು. ನಾಟಕದಲ್ಲಿ ಈಜಿಪ್ಟಿನವನಾಗಿದ್ದ ವೈದ್ಯನು ಚಿತ್ರದಲ್ಲಿ ಭಾರತೀಯನಾದ, ಸೆಲ್ಲರ್ಸ್ ಆ ವೈದ್ಯರಾದರು, ಸೋಫಿಯಾ ಲೋರೆನ್ ನಾಯಕಿ. ಬಡವರ ಸೇವೆಯಲ್ಲಿ ನಿರತನಾದ, ಹಣಕ್ಕೆ ಬಗ್ಗದ ಸಜ್ಜನನ ಪಾತ್ರ ಅದು. ಚಿತ್ರದ ಪ್ರಚಾರಕ್ಕಾಗಿ ಇಬ್ಬರೂ ಹಾಡಿದ ‘ಗುಡ್‌ನೆಸ್ ಗ್ರೇಶಿಯಸ್ ಮಿ’ ಎಂಬ ಹಾಡನ್ನು ನಿರ್ಮಿಸಿದವರು ಮುಂದೆ ಬೀಟಲ್ಸ್‌ನಿಂದ ಹೆಸರಾದ ಜಾರ್ಜ್ ಮಾರ್ಟಿನ್. ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು. ಅಂದಿನಿಂದ ಬ್ರಿಟನ್ನಿನ ಬೀದಿಗಳಲ್ಲಿ ನಮ್ಮವರು ಎದುರಾದಾಗ ಆ ಹಾಡಿನ ಧಾಟಿಯಲ್ಲಿ ತಲೆ ತೂಗಿ ಅಣಕಿಸುವುದು ಪೋಕರಿಗಳಿಗೆ ರೂಢಿಯಾಯಿತು. ವಲಸೆ ಹೋಗಿ ಹೊಸದಾಗಿ ನೆಲೆ ಹುಡುಕುತ್ತಿದ್ದ ಒಂದು ಪೀಳಿಗೆ ಅದನ್ನು ಸಹಿಸಬೇಕಾಯಿತು.

1968ರ ‘ದಿ ಪಾರ್ಟಿ’ ಈ ಸರಣಿಯ ಶಿಖರ. ಎಡ್ವರ್ಡ್ಸ್ ಬರೆದಿಟ್ಟದ್ದು ಅರವತ್ತರ ಆಸುಪಾಸಿನ ಪುಟಗಳ ಹಂದರ ಮಾತ್ರ. ಉಳಿದದ್ದೆಲ್ಲ ಚಿತ್ರೀಕರಣದ ಹೊತ್ತಿನಲ್ಲಿ ಕಟ್ಟಿದ್ದು. ಒಂದು ತಮಾಷೆ ಇನ್ನೊಂದಕ್ಕೆ ದಾರಿ ಮಾಡಿಕೊಡಲೆಂದು ದೃಶ್ಯಗಳನ್ನು ಕಥೆಯ ಅನುಕ್ರಮದಲ್ಲೇ ತೆಗೆದರು. ಫಿಲ್ಮ್ ಕ್ಯಾಮೆರಾಕ್ಕೆ ವಿಡಿಯೋ ಸಾಧನವೊಂದನ್ನು ಜೋಡಿಸಿ, ತೆಗೆದದ್ದನ್ನು ಒಡನೆಯೇ ನೋಡಿ, ಅದರ ಮೇಲೆ ಮುಂದಿನ ಕಲ್ಪನೆಯನ್ನು ಬೆಳೆಸಿದರು. ಇಂದು ಪ್ರತಿ ಚಿತ್ರೀಕರಣದಲ್ಲೂ ಕಾಣುವ ಈ ವ್ಯವಸ್ಥೆಯ ಆರಂಭದ ಬಳಕೆಗಳಲ್ಲಿ ಇದೊಂದು. ಹೃಂಡಿ ವಿ. ಬಕ್ಷಿ ಎಂಬ ಭಾರತೀಯ ನಟ ಹಾಲಿವುಡ್ಡಿನ ಚಿತ್ರವೊಂದರಲ್ಲಿ ಗುಂಡು ತಗುಲಿದ ಮೇಲೂ ಸಾಯಲೊಪ್ಪದೆ ಕಹಳೆ ಊದುತ್ತಲೇ ಇರುತ್ತಾನೆ, ಆಮೇಲೆ ಅಕಸ್ಮಾತ್ತಾಗಿ ಇಡೀ ಕೋಟೆಯನ್ನೇ ಸಿಡಿಸುತ್ತಾನೆ. ಅವನನ್ನು ಬಹಿಷ್ಕರಿಸಲು ಬರೆದ ಹೆಸರು ತಪ್ಪಿ ಔತಣದ ಆಹ್ವಾನಿತರ ಪಟ್ಟಿ ಸೇರುತ್ತದೆ. ಯಾರ ಪರಿಚಯವೂ ಇಲ್ಲದ ಆ ಶ್ರೀಮಂತರ ಮನೆಯಲ್ಲಿ, ಬೂಟನ್ನು ನೀರಿನಲ್ಲಿ ಕಳೆದುಕೊಂಡು, ಗುಂಪು ನಕ್ಕಾಗ ಕಾರಣ ತಿಳಿಯದಿದ್ದರೂ ತಾನೂ ನಗುತ್ತಾ, ಒಬ್ಬಂಟಿಯಾಗಿ ಅವನು ಅಲೆದಾಡುತ್ತಾನೆ.

ಬಿಳಿಯ ನಟನೊಬ್ಬ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ನಮ್ಮವನಾಗುವುದನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆ ಪಾತ್ರಕ್ಕೆ ಅರ್ಹರಾದ ಭಾರತೀಯ ನಟರಿಗೆ ಅಂದು ಬಾಗಿಲು ಮುಚ್ಚಿತ್ತೆಂಬುದು ಇದರ ಹಿಂದಿರುವ ನಿಜವಾದ ಅನ್ಯಾಯ. ಆದರೂ ಬಕ್ಷಿಯನ್ನು ನೋಡಿದಾಗ ನಮಗೆ ಅವಮಾನದ ಜೊತೆಗೆ ಇನ್ನೊಂದು ಭಾವವೂ ಮೂಡುತ್ತದೆ. ಅಪರಿಚಿತ ನಗರದ ಸಮಾರಂಭದಲ್ಲಿ ಮಾತಿನ ಗುಂಪಿನ ಅಂಚಿನಲ್ಲಿ ನಿಂತು ಮುಗುಳ್ನಗುವ ಆ ಸಂಕೋಚವನ್ನು ಹೊರನಾಡಿನ ಕನ್ನಡಿಗರು ಬಲ್ಲರು. ಮೈತುಂಬಾ ಘೋಷಣೆಗಳನ್ನು ಬಳಿದ ಆನೆಮರಿಯನ್ನು ಅತಿಥೇಯರ ಮಗಳು ಗೆಳೆಯರೊಂದಿಗೆ ಮನೆಗೆ ತಂದಾಗ, ಇದು ತನ್ನ ನಾಡಿಗೆ ಅಗೌರವವೆಂದು ಮೆಲುದನಿಯಲ್ಲಿ ಹೇಳಿ ತೊಳೆಯಿಸುವವನು ಬಕ್ಷಿಯೇ. ಇಡೀ ಚಿತ್ರದಲ್ಲಿ ಸಭ್ಯನಾಗಿ ಉಳಿಯುವವನೂ ಅವನೇ. ಸೆಲ್ಲರ್ಸ್ ಅವನನ್ನು ದ್ವೇಷದಿಂದ ಅಣಕಿಸಲಿಲ್ಲವೆಂಬುದು ಸ್ಪಷ್ಟ. ದ್ವೇಷವಿಲ್ಲದ ಅಣಕವೂ ಬೇರೆಯವರ ಬಾಯಲ್ಲಿ ಹೊಡೆತವಾಗಬಲ್ಲದೆಂಬುದೂ ಅಷ್ಟೇ ಸ್ಪಷ್ಟ. 1996ರಲ್ಲಿ ಬಿಬಿಸಿ ಬಾನುಲಿಯಲ್ಲಿ, 1998ರಿಂದ ದೂರದರ್ಶನದಲ್ಲಿ ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್ ಮೊದಲಾದ ಬ್ರಿಟಿಷ್ ಏಷ್ಯನ್ ಕಲಾವಿದರು ತಮ್ಮ ಹಾಸ್ಯ ಕಾರ್ಯಕ್ರಮಕ್ಕೆ ‘ಗುಡ್‌ನೆಸ್ ಗ್ರೇಶಿಯಸ್ ಮಿ’ ಎಂದೇ ಹೆಸರಿಟ್ಟರು. ಅಣಕಕ್ಕೆ ಗುರಿಯಾದವರು ಅಣಕದ ಹೆಸರನ್ನೇ ಕಸಿದುಕೊಂಡರು.

ಇದೇ ಕಾಲದಲ್ಲಿ ಸತ್ಯಜಿತ್ ರಾಯ್ ಅವರೊಂದಿಗೂ ಸೆಲ್ಲರ್ಸ್ ಅವರ ಹೆಸರು ಕೂಡಿಬಂದಿತು. ಬಂಗಾಳದ ಹಳ್ಳಿಯೊಂದರ ಕೊಳದಲ್ಲಿ ಅನ್ಯಗ್ರಹದ ನೌಕೆ ಇಳಿಯುವ ‘ದಿ ಏಲಿಯನ್’ ಎಂಬ ಚಿತ್ರಕಥೆಯನ್ನು ರಾಯ್ 1967ರಲ್ಲಿ ಬರೆದರು. ಅದರಲ್ಲಿನ ಮಾರ್ವಾಡಿ ವ್ಯಾಪಾರಿಯ ಪಾತ್ರಕ್ಕೆ ಸೆಲ್ಲರ್ಸ್ ಅವರನ್ನು ಭೇಟಿಯಾದರು, ಅವರು ಉತ್ಸಾಹದಿಂದ ಒಪ್ಪಿದರು. ಕೊಲಂಬಿಯಾ ಸಂಸ್ಥೆಯೂ ಮುಂದೆ ಬಂದಿತು. ಆದರೆ ವ್ಯವಹಾರದ ಗೋಜಲುಗಳ ನಡುವೆ 1968ರಲ್ಲಿ ಸೆಲ್ಲರ್ಸ್ ಹಿಂದೆ ಸರಿದರು, ಚಿತ್ರ ತಯಾರಾಗಲೇ ಇಲ್ಲ. ರಾಯ್ ಅವರಂಥ ನಿರ್ದೇಶಕರ ಕೈಯಲ್ಲಿ ಅವರ ಭಾರತೀಯ ದನಿ ಏನಾಗುತ್ತಿತ್ತೋ ಎಂದು ನಾವು ಹಲಬುವುದೊಂದೇ ಉಳಿದಿದೆ.

ತೆರೆಯ ಹೊರಗಿನ ಸೆಲ್ಲರ್ಸ್ ಅವರನ್ನು ಮೆಚ್ಚುವುದು ಕಷ್ಟ. 1964ರ ಫೆಬ್ರವರಿಯಲ್ಲಿ ನಟಿ ಬ್ರಿಟ್ ಎಕ್‌ಲಂಡ್ ಅವರನ್ನು ಮದುವೆಯಾದ ಕೆಲವೇ ವಾರಗಳಲ್ಲಿ, ಏಪ್ರಿಲ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಅವರಿಗೆ ಸಾಲುಸಾಲಾಗಿ ಹೃದಯಾಘಾತಗಳಾದವು. ಬದುಕಿದರು, ಆದರೆ ಹೃದಯ ಮತ್ತೆ ಪೂರ್ಣ ಸುಧಾರಿಸಲಿಲ್ಲ. ಮುಂದೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾ ಪವಾಡ ವೈದ್ಯರನ್ನೂ ಜ್ಯೋತಿಷಿಗಳನ್ನೂ ನಂಬಿದರು. ನಾಲ್ಕು ಮದುವೆಗಳಾದವು. ಪತ್ನಿಯರೂ ಮೂವರು ಮಕ್ಕಳೂ ಅವರ ಸಂಶಯ, ಸಿಟ್ಟು, ಕ್ರೌರ್ಯಗಳನ್ನು ಅನುಭವಿಸಿದ್ದನ್ನು ಆಮೇಲೆ ತಿಳಿಸಿದ್ದಾರೆ. ‘ಕ್ಯಾಸಿನೋ ರಾಯಲ್’ ಚಿತ್ರೀಕರಣದಲ್ಲಿ ಆರ್ಸನ್ ವೆಲ್ಸ್ ಅವರೊಂದಿಗೆ ಕಾಣಿಸಿಕೊಳ್ಳಲು ನಿರಾಕರಿಸಿ, ಕೆಲಸ ಮುಗಿಯುವ ಮುನ್ನವೇ ಹೊರಟುಹೋದರು. ಮಹಾನ್ ಕಲಾವಿದರಿಗೆ ಇವೆಲ್ಲ ಕ್ಷಮ್ಯವೆಂಬ ವಾದವನ್ನು ನಾವು ಒಪ್ಪುವುದಿಲ್ಲ.

1970ರ ದಶಕದ ಮೊದಲರ್ಧ ಸೋಲುಗಳ ಕಾಲ. ಆಶುನಟನೆಯೇ ಅವರನ್ನು ಕೈಬಿಟ್ಟದ್ದೂ ಆಗಲೇ. ಸೈಪ್ರಸ್ ದ್ವೀಪದಲ್ಲಿ ತೆಗೆದ ಕಡಲ್ಗಳ್ಳರ ಹಾಸ್ಯಚಿತ್ರ ‘ಗೋಸ್ಟ್ ಇನ್ ದಿ ನೂನ್‌ಡೇ ಸನ್’ ನಟನ ಜಗಳಗಳಿಂದ, ದಿನಕ್ಕೊಮ್ಮೆ ಬದಲಾದ ಕಥೆಯಿಂದ ಹಾಳಾಯಿತು, ಚಿತ್ರಮಂದಿರಗಳಿಗೆ ಬರಲಿಲ್ಲ. ಅದರ ನಿರ್ದೇಶಕ ಪೀಟರ್ ಮೆಡಾಕ್ ನಾಲ್ಕು ದಶಕ ಕಳೆದರೂ ಆ ಗಾಯ ಮರೆಯದೆ, 2018ರಲ್ಲಿ ಅದನ್ನೇ ಕುರಿತು ಸಾಕ್ಷ್ಯಚಿತ್ರವೊಂದನ್ನು ಮಾಡಿದರು. ಹೇಗೆ ಬೇಕಾದರೂ ಮಾತು ಕಟ್ಟಬಲ್ಲವನಿಗೆ ಕ್ಯೂಬ್ರಿಕ್‌ನಂಥ ಹಿಡಿತದ ನಿರ್ದೇಶಕನೊಬ್ಬ ಎದುರಿಗೆ ಬೇಕಿತ್ತು. 1975ರಲ್ಲಿ ಕ್ಲೂಸೋ ಮರಳಿ ಬಂದು ಅವರ ಮಾರುಕಟ್ಟೆಯನ್ನು ಉಳಿಸಿದ.

ತನ್ನದೆಂಬ ವ್ಯಕ್ತಿತ್ವವೇ ತನಗಿಲ್ಲವೆಂದು ಸೆಲ್ಲರ್ಸ್ ಸಂದರ್ಶನಗಳಲ್ಲಿ ಆಗಾಗ ಹೇಳುತ್ತಿದ್ದರು. 1978ರಲ್ಲಿ ಮಪೆಟ್ ಗೊಂಬೆಗಳ ಕಾರ್ಯಕ್ರಮದಲ್ಲೂ ಅದನ್ನೇ ತಮಾಷೆಯಾಗಿ ನುಡಿದರು. ಜೆರ್ಜಿ ಕೊಸಿನ್ಸ್ಕಿ ಅವರ ‘ಬೀಯಿಂಗ್ ದೇರ್’ ಕಾದಂಬರಿಯನ್ನು ಓದಿದಾಗ ಅದರ ನಾಯಕ ತಾನೇ ಎಂದು ಅವರಿಗೆ ತೋರಿದ್ದು ಸಹಜ. ಆಯುಷ್ಯವೆಲ್ಲ ಒಂದು ಮನೆಯೊಳಗೆ ತೋಟ ನೋಡಿಕೊಂಡು, ಟೆಲಿವಿಷನ್ ನೋಡಿ ಬೆಳೆದ ಚಾನ್ಸ್ ಎಂಬ ಮಂದಮತಿ ಬೀದಿಗೆ ಬಿದ್ದಾಗ, ಗಿಡಬಳ್ಳಿಗಳ ಕುರಿತ ಅವನ ಮಾತುಗಳನ್ನು ದೇಶದ ದೊಡ್ಡವರು ಆಳವಾದ ರಾಜನೀತಿಯೆಂದು ಭ್ರಮಿಸುವ ಕಥೆ. ಈ ಪಾತ್ರಕ್ಕಾಗಿ ಅವರು ಏಳೆಂಟು ವರ್ಷ ಕಾದರು, ಬೇಡಿದರು. 1979ರಲ್ಲಿ ಹಾಲ್ ಆಶ್ಬಿ ನಿರ್ದೇಶನದಲ್ಲಿ ಅದು ಕೈಗೂಡಿತು. ಹಳೆಯ ಹಾಸ್ಯನಟ ಸ್ಟಾನ್ ಲಾರೆಲ್ ಅವರ ನೆರಳಿನಲ್ಲಿ ಕಂಡುಕೊಂಡ ಒಂದು ಸಪಾಟು ದನಿ, ನಿಧಾನದ ನಡಿಗೆ, ಅಷ್ಟೇ. ಸಾವಿರ ದನಿಗಳ ನಟ ಇಲ್ಲಿ ಎಲ್ಲ ದನಿಗಳನ್ನೂ ಕಳಚಿಟ್ಟರು, ಒಂದು ಮಾತನ್ನೂ ಬೆಳೆಸಲು ಹೋಗಲಿಲ್ಲ. ಗೋಲ್ಡನ್ ಗ್ಲೋಬ್ ಬಂದಿತು. ಆಸ್ಕರ್ ಡಸ್ಟಿನ್ ಹಾಫ್‌ಮನ್ ಪಾಲಾಯಿತು. ಚಿತ್ರದ ಕೊನೆಯಲ್ಲಿ ಹೆಸರುಗಳು ಮೂಡುವಾಗ, ತಾನು ನಗು ತಡೆಯಲಾರದೆ ತಪ್ಪಿದ ತುಣುಕುಗಳನ್ನು ಜೋಡಿಸಿದ್ದಕ್ಕೆ ಸೆಲ್ಲರ್ಸ್ ಕನಲಿದರು. ಕಟ್ಟಿದ ಮಾಯೆ ಅದರಿಂದ ಮುರಿಯಿತೆಂದು ಅವರ ದೂರು. ಅದು ನ್ಯಾಯವಾದ ದೂರೆಂದೇ ನಮಗನ್ನಿಸುತ್ತದೆ.

1980ರ ಜುಲೈ 22ರಂದು ಲಂಡನ್ನಿನ ಡಾರ್ಚೆಸ್ಟರ್ ಹೋಟೆಲಿನಲ್ಲಿ ಅವರು ಕುಸಿದುಬಿದ್ದರು. ಅಂದಿನ ರಾತ್ರಿ ಮಿಲ್ಲಿಗನ್ ಮತ್ತು ಸೀಕೂಂಬ್ ಅವರೊಂದಿಗೆ ಗೂನ್ ಗೆಳೆಯರ ಊಟ ನಿಗದಿಯಾಗಿತ್ತು. ಎರಡು ದಿನಗಳ ನಂತರ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಗೋಲ್ಡರ್ಸ್ ಗ್ರೀನ್‌ನ ಅಂತ್ಯಕ್ರಿಯೆಯಲ್ಲಿ ಗ್ಲೆನ್ ಮಿಲ್ಲರ್ ಅವರ ‘ಇನ್ ದಿ ಮೂಡ್’ ವಾದ್ಯಗೀತೆಯನ್ನು ನುಡಿಸಲಾಯಿತು. ಅವರು ಜೀವಮಾನವೆಲ್ಲ 싫ದೆ ದ್ವೇಷಿಸಿದ್ದ ರಾಗ ಅದು, ಗೆಳೆಯರಿಗಷ್ಟೇ ಅರ್ಥವಾಗುವ ಕೊನೆಯ ತಮಾಷೆ.

ಅವರ ಸಾವಿನ ನಂತರ, ಹಿಂದೆ ಕತ್ತರಿಸಿ ಬಿಸುಟಿದ್ದ ತುಣುಕುಗಳನ್ನು ಹೊಲಿದು 1982ರಲ್ಲಿ ಮತ್ತೊಂದು ಪಿಂಕ್ ಪ್ಯಾಂಥರ್ ಚಿತ್ರವನ್ನು ಹೊರತಂದರು. ಅದು ಪತಿಯ ಸ್ಮೃತಿಗೆ ಕುಂದೆಂದು ಪತ್ನಿ ಲಿನ್ ಫ್ರೆಡರಿಕ್ ಮೊಕದ್ದಮೆ ಹೂಡಿ ಗೆದ್ದರು. ಇದಕ್ಕೆ ವಿರುದ್ಧವಾದ ಪ್ರಸಂಗವೊಂದೂ ನಡೆಯಿತು. 1957ರಲ್ಲಿ ಅವರು ನಟಿಸಿದ್ದ, ಕಳೆದೇಹೋದವೆಂದು ತಿಳಿದಿದ್ದ ಎರಡು ಕಿರುಚಿತ್ರಗಳ ಡಬ್ಬಿಗಳು 1996ರಲ್ಲಿ ಲಂಡನ್ನಿನ ಕಟ್ಟಡವೊಂದರ ಹೊರಗಿನ ಕಸದ ತೊಟ್ಟಿಯಲ್ಲಿ ಸಿಕ್ಕಿದವು. ಎತ್ತಿಟ್ಟುಕೊಂಡವರು ಅದರ ಬೆಲೆಯರಿಯದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟಿದ್ದರು. ಆಮೇಲೆ ಅವನ್ನು ಶುಚಿಗೊಳಿಸಿ 2014ರಲ್ಲಿ ಸೌತೆಂಡ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ನೌಕರಿ ಹುಡುಕುತ್ತಲೂ ನಿದ್ದೆ ಬಾರದೆ ಹೊರಳುತ್ತಲೂ ಇರುವ ಹೆಕ್ಟರ್ ಡಿಮ್‌ವಿಟ್ಟಿ ಎಂಬ ಸಾಮಾನ್ಯನಾಗಿ, ಇನ್ನೂ ಖ್ಯಾತಿ ಮುಟ್ಟದ 31ರ ಸೆಲ್ಲರ್ಸ್ ಅವುಗಳಲ್ಲಿ ಕಾಣಿಸಿಕೊಳ್ಳುತ್ತಾರೆ.